ಜಾರದ ಅಟ್ಟೆ

ಜನವರಿ 9

ತಮ್ಮನಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೆಂದು ನಂಬಿದ್ದೇನೆ. ಫೋನ್ ಮಾಡೋಣವೆಂದರೆ ನಿನ್ನ ಕಿವಿಯ ವಿಷಯ ಗೊತ್ತೇ ಇದೆ. ನಲವತ್ತು ವರ್ಷ ಸುತ್ತಿಗೆಯ ಸದ್ದಿನಲ್ಲಿ ಕೂತ ಕಿವಿ. ನಾನು ಒಂದು ಹೇಳಿದರೆ ನೀನು ಇನ್ನೊಂದು ಕೇಳಿಸಿಕೊಂಡು ‘ಸರಿ ಸರಿ’ ಅನ್ನುತ್ತೀಯ. ಅದಕ್ಕೇ ಕಾಗದ.

ನಿನ್ನ ಭಾವನ ಕಾಯಿಲೆಗೆ ಹೋದ ತಿಂಗಳು ಹೆಸರು ಸಿಕ್ಕಿತು. ಪಾರ್ಕಿನ್ಸನ್ ಅಂತೆ. ಅದು ಕೈ ನಡುಗುವ ಕಾಯಿಲೆ ಎಂದು ನಾನು ತಿಳಿದಿದ್ದೆ. ಇವರಿಗೆ ಕೈ ಅಷ್ಟೇನೂ ನಡುಗುವುದಿಲ್ಲ, ಕಾಲಿಗೆ ಬಂದಿದೆ. ಮೂವತ್ತೊಂದು ವರ್ಷ ರೈಲು ಹಳಿಯ ಮೇಲೆ ದಿನಕ್ಕೆ ಹನ್ನೆರಡು ಮೈಲಿ ನಡೆದು ಬೋಲ್ಟುಗಳ ಬಿಗಿ ನೋಡುತ್ತಿದ್ದವರು. ಜೊತೆಯವರು ಹೆಸರು ಬಿಟ್ಟು ‘ಹನ್ನೆರಡು ಮೈಲಿ’ ಎಂದೇ ಕೂಗುತ್ತಿದ್ದರು. ಈಗ ಅಡುಗೆಮನೆಯಿಂದ ಹೊರಕೋಣೆಗೆ ಬರಲು ಮೂವತ್ತು ಹೆಜ್ಜೆ ಬೇಕು. ಗೇಣುದ್ದದ ಹೆಜ್ಜೆಗಳು. ಬಾಗಿಲ ಹತ್ತಿರ ಬಂದರೆ ಕಾಲು ನಿಂತೇಬಿಡುತ್ತದೆ. ಯಾರೋ ನೆಲಕ್ಕೆ ಹೊಲಿದುಬಿಟ್ಟ ಹಾಗೆ ಎನ್ನುತ್ತಾರೆ.

ಮೊನ್ನೆ ಹೊರಕೋಣೆಯಲ್ಲಿ ಬಿದ್ದರು. ನಾನು ಬಟ್ಟೆ ಹಿಂಡುತ್ತಿದ್ದೆ, ಸದ್ದು ಕೇಳಿ ಓಡಿದೆ. ಟೈಲ್ಸ್ ನೆಲ ನೋಡು, ಜಾರಿರಬೇಕು. ಪೆಟ್ಟೇನೂ ಇಲ್ಲ. ಆದರೆ ನನಗೆ ಹೆದರಿಕೆ ಹೊಕ್ಕಿದೆ. ಅವರ ಕಾಲು ನಿಂತರೆ ಅವರೂ ನಿಂತಂತೆ. ಕೂತು ಬದುಕಲು ಬಾರದ ಮನುಷ್ಯ.

ಜಾರದಂಥ ಒಂದು ಜೊತೆ ಶೂ ಮಾಡಿಕೊಡುತ್ತೀಯಾ? ನಿನಗೆ ಮನಸ್ಸಿದ್ದರೆ ಮಾತ್ರ. ನಿನ್ನವಳು ಹೋದ ಮೇಲೆ ನೀನು ಕೈಯಾರೆ ಏನೂ ಹೊಲಿದಿಲ್ಲವೆಂದು ಗೊತ್ತು. ನೀನು ಹೇಳಿಕೊಟ್ಟಿದ್ದ ಹಾಗೆಯೇ ಪಾದ ಒದ್ದೆ ಮಾಡಿ ಕಾಗದದ ಮೇಲೆ ನಿಲ್ಲಿಸಿ, ಸುತ್ತ ಪೆನ್ಸಿಲ್ ಎಳೆದಿದ್ದೇನೆ. ಎರಡೂ ಕಾಲಿನದು ಜೊತೆಗಿದೆ.

ನಿನ್ನ ಅಕ್ಕ


ಜನವರಿ 21

ಅಕ್ಕನಿಗೆ,

ನಿನ್ನ ಕಾಗದವನ್ನು ಮೇಜಿನ ಮೇಲೆ ಹರಡಿ ಒಂದು ಸಂಜೆಯಿಡೀ ನೋಡಿದೆ. ಭಾವನ ಮುಖ ನೋಡಿ ನಾಲ್ಕು ವರ್ಷವಾಯಿತು. ಪಾದ ನೋಡಿದರೆ ಎದುರಿಗೆ ನಿಂತ ಹಾಗಾಯಿತು.

ನಿನಗೆ ಕಾಣದ ಒಂದು ವಿಷಯ ಹೇಳುತ್ತೇನೆ. ಬೆರಳುಗಳ ಗುರುತು ದಟ್ಟವಾಗಿ ಬಿದ್ದಿದೆ, ಹಿಮ್ಮಡಿಯದು ತೆಳುವಾಗಿದೆ. ಜಾರುವ ಭಯ ಇರುವವರು ಹೀಗೆಯೇ ನಿಲ್ಲುತ್ತಾರೆ, ಬೆರಳಿನಿಂದ ನೆಲವನ್ನು ಕಚ್ಚಿ ಹಿಡಿದ ಹಾಗೆ. ಮಂಜು ಬೀಳುವ ಊರಿನಿಂದ ಬರುವ ಗಿರಾಕಿಗಳ ಪಾದವೂ ಹೀಗೇ ಇರುತ್ತದೆ. ಆದ್ದರಿಂದ ಅಟ್ಟೆಗೆ ಚರ್ಮ ಬೇಡ. ದಪ್ಪ ರಬ್ಬರು ಹಾಕಿ ಮುಂಗಾಲಿನ ಕೆಳಗೆ ಅಡ್ಡಡ್ಡ ಕಚ್ಚು ಕೊರೆಯುತ್ತೇನೆ. ಎಣ್ಣೆ ಚೆಲ್ಲಿದ ನೆಲದ ಮೇಲೂ ಕಾಲು ಕದಲಬಾರದು.

ಮನಸ್ಸಿದ್ದರೆ ಎಂದು ಬರೆದಿದ್ದೀಯ. ನಿನ್ನೆ ರಂಪಿಗೆಗೆ ಸಾಣೆ ಹಿಡಿದೆ. ಹತ್ತು ತಿಂಗಳಿಂದ ಆ ಕತ್ತಿ ಪೆಟ್ಟಿಗೆಯಲ್ಲಿತ್ತು. ಅಂಗಡಿಯಲ್ಲಿ ಬೇರೆಯವರು ಹೊಲಿದದ್ದನ್ನು ಪರೀಕ್ಷಿಸಿ ಮುದ್ರೆ ಒತ್ತುವುದಷ್ಟೇ ನನ್ನ ಕೆಲಸವಾಗಿತ್ತು. ಮಾಲೀಕರು ನಾನು ಬೆಂಚಿನಲ್ಲಿ ಕೂತದ್ದನ್ನು ನೋಡಿ ದೀಪ ಹಾಕಿ ಹೋದರು.

ಇನ್ನು ಮೇಲೆ ತಿಂಗಳಿಗೊಮ್ಮೆ ಪಾದದ ಗುರುತು ಕಳಿಸು. ಕುಳ್ಳಿರಿಸಿ ತೆಗೆಯಬೇಡ, ನಿಂತಾಗಲೇ ತೆಗೆಯಬೇಕು. ಭಾರ ಬಿದ್ದ ಕಾಲು ಮಾತ್ರ ನಿಜ ಹೇಳುತ್ತದೆ.

ಮೊಳೆ

(ಈ ಹೆಸರಿನಿಂದ ಈಗ ಕರೆಯುವವರು ನೀವಿಬ್ಬರೇ. ಬಾಯಲ್ಲಿ ಮೊಳೆ ಇಟ್ಟುಕೊಂಡು ಹೊಡೆಯುವುದನ್ನು ನಾನು ಇನ್ನೂ ಬಿಟ್ಟಿಲ್ಲವೆಂದು ಭಾವನಿಗೆ ಹೇಳು.)


ಫೆಬ್ರವರಿ 14

ತಮ್ಮನಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ಶೂ ಬಂತು. ಇವರು ಅದನ್ನು ಮೂಗಿನ ಹತ್ತಿರ ಹಿಡಿದು ಚರ್ಮದ ವಾಸನೆ ನೋಡಿ, “ಮದುವೆಗೆ ಅವನು ಹೊಲಿದ ಜೊತೆ ಮೂರು ದಿನ ಕಾಲು ಕಚ್ಚಿತ್ತು. ಮೂವತ್ತು ವರ್ಷ ಕಾದು ಈಗ ತಪ್ಪೊಪ್ಕೊಂಡಿದ್ದಾನೆ ನೋಡು ಮೊಳೆರಾಯ,” ಅಂದರು. ಈಗ ಅವರ ಮುಖದಲ್ಲಿ ನಗು ಸುಲಭವಾಗಿ ಕಾಣುವುದಿಲ್ಲ, ಕಾಯಿಲೆ ಮುಖವನ್ನೂ ಬಿಗಿ ಮಾಡುತ್ತದಂತೆ. ಆದರೆ ನನಗೆ ಗೊತ್ತಾಯಿತು, ನಕ್ಕರು.

ಆಸ್ಪತ್ರೆಯಿಂದ ವಾರಕ್ಕೆರಡು ಸಲ ಒಬ್ಬಳು ವ್ಯಾಯಾಮ ಮಾಡಿಸಲು ಬರುತ್ತಾಳೆ. ಇವರು ಅವಳಿಗೆ ‘ಕಾಲಿನ ಟೀಚರಮ್ಮ’ ಎಂದು ಹೆಸರಿಟ್ಟಿದ್ದಾರೆ. ನೆಲದ ಮೇಲೆ ಟವೆಲ್ ಹಾಸಿ ಕಾಲ್ಬೆರಳಿನಿಂದ ಮುದುರಿ ಎಳೆಯಲು ಹೇಳುತ್ತಾಳೆ. ಬೆರಳಿಗೆ ಪಟ್ಟಿ ಸಿಕ್ಕಿಸಿ ಎಳೆದರೆ ಮುಳ್ಳು ತಿರುಗುವ ಒಂದು ಯಂತ್ರವೂ ಅವಳ ಬಳಿ ಇದೆ. ಬಲಗಾಲಿಗೆ ಮುಳ್ಳು ಏಳಕ್ಕೆ ಹೋಯಿತು, ಎಡಗಾಲಿಗೆ ನಾಲ್ಕು. ಬೆರಳು ಮತ್ತು ಪಾದದಲ್ಲಿ ಬಲ ಇದ್ದಷ್ಟೂ ಹೆಜ್ಜೆ ಮುಂದೆ ಹೋಗುತ್ತದೆ, ಆ ಬಲ ಉಳಿಸಿಕೊಳ್ಳಬೇಕು ಎಂದಳು.

ಅಡುಗೆಮನೆಯಿಂದ ಹೊರಬಾಗಿಲ ತನಕ ಹಳದಿ ಟೇಪನ್ನು ಅಡ್ಡಡ್ಡವಾಗಿ ಅಂಟಿಸಿ ಹೋಗಿದ್ದಾಳೆ. ನೀನು ನಂಬುವುದಿಲ್ಲ, ಗೆರೆ ಇದ್ದರೆ ಇವರು ಗೆರೆ ದಾಟಿ ದಾಟಿ ಒಳ್ಳೆ ಹೆಜ್ಜೆ ಇಡುತ್ತಾರೆ. ಗೆರೆ ಮುಗಿದಲ್ಲಿ ಕಾಲು ನಿಲ್ಲುತ್ತದೆ. “ಮನೆಯೊಳಗೇ ಹಳಿ ಹಾಕ್ಬಿಟ್ಟೆಯಲ್ಲಮ್ಮ,” ಅಂದರು ಅವಳಿಗೆ.

ಹೊಸ ಶೂನಲ್ಲಿ ಒಂದೆರಡು ಸಲ ಎಡವಿದರು. ಹೊಸದಲ್ಲವೇ.

ಅಕ್ಕ


ಫೆಬ್ರವರಿ 26

ಅಕ್ಕನಿಗೆ,

ಎಡವಿದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡ. ದಪ್ಪ ಅಟ್ಟೆ ಹದಕ್ಕೆ ಬರಲು ಒಂದು ತಿಂಗಳು ಬೇಕು. ಮನೆಯಲ್ಲೂ ಬಿಚ್ಚದೆ ಹಾಕಿಕೊಂಡಿರಲಿ.

ಭಾವನ ಮಾತು ಓದಿ ನಕ್ಕೆ. ನಕ್ಕ ಸದ್ದು ನನಗೇ ಕೇಳಿಸಿತು, ನನ್ನ ಕಿವಿಗೂ. ಆಮೇಲೆ ಅವಳ ಕುರ್ಚಿ ಕಡೆ ನೋಡಿದೆ. ಅದರ ಮೇಲೆ ಇಷ್ಟು ದಿನ ಒಗೆಯದ ಬಟ್ಟೆ ರಾಶಿ ಹಾಕುತ್ತಿದ್ದೆ, ಕುರ್ಚಿ ಕಾಣದಿರಲೆಂದು. ಮೊನ್ನೆ ತೆಗೆದೆ. ಈಗ ಅಲ್ಲಿ ಭಾವನ ಕಾಲಿನ ಅಚ್ಚು ಇಟ್ಟಿದ್ದೇನೆ. ಮರದಲ್ಲಿ ಕೆತ್ತಿದ್ದು, ಎಡಗಾಲು, ಬಲಗಾಲು. ಮನೆಯಲ್ಲಿ ಇನ್ನೊಬ್ಬರು ಇದ್ದ ಹಾಗಿದೆ.

ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ. ಈ ಬಾರಿ ಸುಳ್ಳಲ್ಲ.

ಮೊಳೆ


ಮಾರ್ಚ್ 18

ತಮ್ಮನಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ಪಾದದ ಗುರುತು ಕಳಿಸಿದ್ದೇನೆ. ಸ್ವಲ್ಪ ತಡವಾಯಿತು, ಮನೆಗೆಲಸ.

ಒಂದು ವಿಚಿತ್ರ ಹೇಳುತ್ತೇನೆ. ನಮ್ಮ ಮನೆಯ ಹಿಂದೆ ಹಳೆಯ ಹಳಿ ಇದೆಯಲ್ಲ, ಗೋದಾಮಿಗೆ ಹೋಗುತ್ತಿದ್ದದ್ದು, ಈಗ ಯಾವ ಗಾಡಿಯೂ ಬಾರದು. ಹೋದ ವಾರ ನಾನು ಅಂಗಡಿಯಿಂದ ಬಂದಾಗ ಇವರು ಮನೆಯಲ್ಲಿರಲಿಲ್ಲ. ಹಿಂಬಾಗಿಲಿಂದ ಹೊರಗೆ ಓಡಿದೆ. ನೋಡಿದರೆ ಆ ಹಳಿಗಳ ನಡುವೆ, ಒಂದು ಮರದ ತೊಲೆಯಿಂದ ಇನ್ನೊಂದಕ್ಕೆ ಹೆಜ್ಜೆ ಇಡುತ್ತಾ ಹೋಗುತ್ತಿದ್ದಾರೆ. ಕೈ ಹಿಂದಕ್ಕೆ ಕಟ್ಟಿಕೊಂಡು, ತಲೆ ತಗ್ಗಿಸಿಕೊಂಡು, ಕೆಲಸಕ್ಕೆ ಹೋಗುತ್ತಿದ್ದ ಕಾಲದ ಹಾಗೆಯೇ. ಬಾಗಿಲು ದಾಟಲಾಗದ ಮನುಷ್ಯ ಅಲ್ಲಿ ಇಪ್ಪತ್ತು ತೊಲೆ ನಿಲ್ಲದೆ ನಡೆದರು. ತೊಲೆಗಳೇ ಅವರಿಗೆ ಟೀಚರಮ್ಮನ ಟೇಪು. ನಾನು ಕೂಗಲಿಲ್ಲ. ನಿಂತು ನೋಡಿದೆ.

ಆ ಹಳಿ ಮುಂದೆ ಗೇಟಿನ ಹತ್ತಿರ ದೊಡ್ಡ ಲೈನಿಗೆ ಸೇರುತ್ತದೆ. ಅಲ್ಲಿ ಗೇಟು ಕಾಯುವವನು ಇವರ ಹಳೆಯ ಜೊತೆಗಾರ. ಅವನೇ ಕೈಹಿಡಿದು ವಾಪಸು ತಿರುಗಿಸಿ ಕಳಿಸಿದ.

ಹಣೆಯ ಮೇಲೆ ಸಣ್ಣ ಗಾಯವಾಗಿದೆ. ಬೀರುವಿನ ಬಾಗಿಲು ತಗಲಿತು, ಅಷ್ಟೆ. ಶೂ ದಿನವೂ ಹಾಕಿಕೊಳ್ಳುತ್ತಾರೆ.

ಅಕ್ಕ


ಮಾರ್ಚ್ 30

ಅಕ್ಕನಿಗೆ,

ಹಳಿಯ ಕಡೆ ಬಿಡಬೇಡ. ಖಾಲಿ ಹಳಿಯೇ ಇರಬಹುದು, ಅದು ಹೋಗಿ ಸೇರುವುದು ಖಾಲಿಯಲ್ಲದ ಹಳಿಗೆ. ಹಿಂಬಾಗಿಲಿಗೆ ಚಿಲಕ ಹಾಕು. ಕೋಪ ಮಾಡಿಕೊಂಡರೆ ನನ್ನ ಹೆಸರು ಹೇಳು.

ಈಗ ಒಳ್ಳೆಯ ಸುದ್ದಿ. ಈ ತಿಂಗಳ ಗುರುತನ್ನು ಹಿಂದಿನದರ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಪಾದ ಕಿರಿದಾಗಿದೆ. ಅಗಲದಲ್ಲಿ ಸುಮಾರು ಒಂದು ಗೆರೆ ಕಡಿಮೆ. ಬೆರಳುಗಳ ಗುರುತೂ ಹಗುರವಾಗಿದೆ. ಬಾವು ಇಳಿದಿದೆ ಅಕ್ಕ, ಭಯವೂ ಇಳಿದಿದೆ. ನೆಲವನ್ನು ಕಚ್ಚುವುದು ಬಿಟ್ಟಿದ್ದಾರೆ. ಅಟ್ಟೆ ಕೆಲಸ ಮಾಡುತ್ತಿದೆ.

ನಾನು ಎರಡನೇ ಜೊತೆ ಶುರು ಮಾಡಿದ್ದೇನೆ, ಇನ್ನೂ ಆಳದ ಕಚ್ಚು ಕೊರೆದು. ಮಾಲೀಕರು ಆ ಅಟ್ಟೆಯ ಮಾದರಿಯನ್ನು ಗೋಡೆಗೆ ತೂಗುಹಾಕಿದ್ದಾರೆ. ಗಿರಾಕಿಗಳು ಕೇಳಿದರೆ, ನಮ್ಮವರು ತಮ್ಮ ಭಾವನಿಗೆಂದು ಮಾಡಿದ್ದು ಎನ್ನುತ್ತಾರೆ. ಅವಳಿದ್ದಿದ್ದರೆ, ಸಾಕು ಜಂಭ, ಊಟಕ್ಕೆ ಬನ್ನಿ ಅನ್ನುತ್ತಿದ್ದಳು.

ನಿನಗೆ ಹೇಳಿಬಿಡುತ್ತೇನೆ. ನೀನು ಜನವರಿಯಲ್ಲಿ ಆ ಕಾಗದ ಬರೆಯದಿದ್ದರೆ ನಾನು ಏನಾಗುತ್ತಿದ್ದೆನೋ ಗೊತ್ತಿಲ್ಲ. ಬೆಳಿಗ್ಗೆ ಏಳಲು ನನಗೆ ಕಾರಣವೇ ಇರಲಿಲ್ಲ. ಈಗ ಇದೆ.

ಮೊಳೆ


ಏಪ್ರಿಲ್ 8
(ಬರೆದು ಅಂಚೆಗೆ ಹಾಕದೆ ಇಟ್ಟ ಕಾಗದ)

ತಮ್ಮನಿಗೆ,

ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಪಾದ ಕಿರಿದಾಗಿಲ್ಲ. ಆ ಗುರುತು ನಾನು ಕೂರಿಸಿ ತೆಗೆದದ್ದು. ಅವತ್ತು ಅವರಿಂದ ನಿಲ್ಲಲು ಆಗಲಿಲ್ಲ. ಹಿಂದಿನ ದಿನ ಬಿದ್ದಿದ್ದರು. ಹಣೆಗೆ ತಗಲಿದ್ದು ಬೀರು ಅಲ್ಲ, ನೆಲ.

ನಿನ್ನ ಶೂ ಹಾಕಿದ ಮೇಲೆ ಏಳು ಸಲ ಬಿದ್ದಿದ್ದಾರೆ. ಏಳೂ ಸಲ ಮುಂದಕ್ಕೆ, ಮುಖ ಅಡಿಯಾಗಿ. ಜಾರಿ ಬೀಳುವವರು ಹಿಂದಕ್ಕೆ ಬೀಳುತ್ತಾರೆಂದು ಈಗ ಹೊಳೆಯುತ್ತಿದೆ. ಇವತ್ತು ಟೀಚರಮ್ಮ ಹಳೆಯ ಚರ್ಮದಟ್ಟೆಯ ಚಪ್ಪಟೆ ಶೂ ಹಾಕಿಸಿ ಟೇಪಿನ ಮೇಲೆ ನಡೆಸಿದಳು. ಕಾಲು ನೆಲಕ್ಕೆ ತಾಗಿದರೂ ಸರಕ್ಕನೆ ಮುಂದೆ ಹೋಯಿತು. ಆಮೇಲೆ ನಿನ್ನದನ್ನು ಹಾಕಿಸಿದಳು. ನಾಲ್ಕನೇ ಗೆರೆಯಲ್ಲಿ ಎಡಗಾಲಿನ ತುದಿ ನೆಲ ಕಚ್ಚಿತು. ಸೊಂಟದ ಬೆಲ್ಟು ಹಿಡಿದುಕೊಂಡಿದ್ದಳು, ಇಲ್ಲದಿದ್ದರೆ ಎಂಟನೆಯದಾಗುತ್ತಿತ್ತು. ಶೂ ತಿರುಗಿಸಿ ಅಟ್ಟೆ ನೋಡಿ, “ಅಮ್ಮ, ಜಾರೋರಿಗೆ ಇದು ಬಂಗಾರದಂಥ ಶೂ. ಇವರು ಜಾರಲ್ಲ, ಅಂಟ್ಕೋತಾರೆ. ಕಾಲು ನಿಂತ್ರೂ ಮೈ ನಿಲ್ಲಲ್ಲ,” ಅಂದಳು. ಅಟ್ಟೆ ಇಷ್ಟು ಗಟ್ಟಿ ಇದ್ದರೆ ಬೆರಳಿಗೆ ಕೆಲಸವೇ ಇರುವುದಿಲ್ಲವೆಂದೂ ಹೇಳಿದಳು. ಎಡಗಾಲಿನ ಮುಳ್ಳು ಈಗ ಎರಡಕ್ಕೆ ನಿಲ್ಲುತ್ತದೆ.

ಅವರು ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಅವಳು ಹೋದ ಮೇಲೆ ಒಂದೇ ಮಾತು, “ಮೊಳೆಗೆ ಬರೀಬೇಡ.”

ನೀನು ಬೆಳಿಗ್ಗೆ ಏಳಲು ಕಾರಣವಿದೆ ಎಂದು ಬರೆದ ಕಾಗದ ನನ್ನ ಮುಂದೆಯೇ ಇದೆ. ಏನು ಮಾಡಲಿ, ಹೇಳು.


ಏಪ್ರಿಲ್ 9

ತಮ್ಮನಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ಒಂದು ಜೊತೆ ಇದೆಯಲ್ಲ, ಎರಡನೆಯದಕ್ಕೆ ಆತುರವಿಲ್ಲ. ನಿನ್ನ ಕಣ್ಣಿಗೆ ಯಾಕೆ ಆಯಾಸ. ಹಿಂಬಾಗಿಲಿಗೆ ಚಿಲಕ ಹಾಕಿದ್ದೇನೆ.

ಅಕ್ಕ


ಏಪ್ರಿಲ್ 24

ಅಕ್ಕನಿಗೆ,

ಆತುರವಿಲ್ಲ ಎಂದು ನೀನು ಬರೆಯುವಷ್ಟರಲ್ಲಿ ನನ್ನ ಹೊಲಿಗೆಯೇ ಮುಗಿದಿತ್ತು. ಪೊಟ್ಟಣ ಇವತ್ತು ಹೊರಟಿದೆ. ನಾನು ಜೀವನದಲ್ಲಿ ಮಾಡಿದ ಶೂಗಳಲ್ಲಿ ಇದೇ ಮೇಲು.

ಇನ್ನೊಂದು ವಿಷಯ. ನಾನು ಬರುತ್ತಿದ್ದೇನೆ. ಮೇ 12ರ ಹಗಲು ಗಾಡಿ, ನಾಲ್ಕೂ ಹತ್ತಕ್ಕೆ ನಿಮ್ಮೂರು. ಅವಳು ಹೋದಾಗ ನೀವಿಬ್ಬರೂ ಬರಲಾಗಲಿಲ್ಲವೆಂದು ನನಗೆ ಒಳಗೊಳಗೇ ಸಿಟ್ಟಿತ್ತು. ಈಗಿಲ್ಲ. ಭಾವ ನಡೆಯುವುದನ್ನು ಕಣ್ಣಾರೆ ನೋಡಬೇಕು. ಅವರಿಗೆ ಹೇಳು, ಮೊಳೆರಾಯ ಗಾಡಿಯಿಂದ ಇಳಿದಾಗ ಹನ್ನೆರಡು ಮೈಲಿಯವರು ಹೊಸ ಶೂ ಹಾಕಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತಿರಬೇಕು. ಇಲ್ಲದಿದ್ದರೆ ಅದೇ ಗಾಡಿಯಲ್ಲಿ ವಾಪಸು ಹೋಗುತ್ತೇನೆ.

ಮೊಳೆ


ಮೇ 4

ತಮ್ಮನಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ಶೂ ಬಂದಿದೆ, ದಿನವೂ ಹಾಕಿಕೊಳ್ಳುತ್ತಿದ್ದಾರೆ.

ನಿನ್ನ ಕಾಗದವನ್ನು ಎಂದಿನಂತೆ ಗಟ್ಟಿಯಾಗಿ ಓದಿ ಹೇಳಿದೆ. ನಿಲ್ದಾಣಕ್ಕೆಲ್ಲ ಬೇಡ, ನೀನು ನೇರ ಮನೆಗೆ ಬಾ, ಅವರು ಕುರ್ಚಿಯಲ್ಲಿ ಕೂತಿರುತ್ತಾರೆ. ಅವರಿಗೂ ಹಾಗೇ ಹೇಳಿದೆ, ಗಡಿಯಾರದ ಕಡೆ ನೋಡಿದರು. ಬೆಳಿಗ್ಗೆ ಹಲ್ಲುಜ್ಜುವಾಗ ಒಮ್ಮೆ “ನಾಲ್ಕೂ ಹತ್ತು” ಅಂದರು, ತಮ್ಮಷ್ಟಕ್ಕೆ. ನಿನ್ನೆ ಊಟದ ನಡುವೆ ಮತ್ತೆ ಅಂದರು.

ಟವೆಲ್ಲನ್ನು ಬೆರಳಿನಿಂದ ಎಳೆಯುವುದನ್ನು ಈಗ ಯಾರೂ ಹೇಳದೆ ದಿನಕ್ಕೆ ನಾಲ್ಕು ಸಲ ಮಾಡುತ್ತಿದ್ದಾರೆ.

ಹುಷಾರಾಗಿ ಬಾ.

ಅಕ್ಕ


ಜೂನ್ 5

ಅಕ್ಕನಿಗೆ,

ಮನೆ ತಲುಪಿ ಎಂಟು ದಿನವಾಯಿತು. ಅಲ್ಲಿ ಅಷ್ಟು ದಿನ ನಿನ್ನ ಪಕ್ಕದಲ್ಲೇ ಕೂತಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಒಂಬತ್ತು ದಿನ, ಅವರು ಹೋದ ಮೇಲೆ ನಿನ್ನ ಮನೆಯಲ್ಲಿ ಏಳು ದಿನ. ಆಗ ಕೇಳಬೇಕಾದ್ದನ್ನು ಈಗ ಕಾಗದದಲ್ಲಿ ಕೇಳುತ್ತಿದ್ದೇನೆ. ನಮಗೆ ಮಾತಾಡಲು ಬರುವುದೇ ಹೀಗೆ.

ಮೊದಲು ನನ್ನದು ಹೇಳಿಕೊಳ್ಳುತ್ತೇನೆ. ಅವತ್ತು ಗಾಡಿ ನಿಲ್ದಾಣಕ್ಕೆ ಸ್ವಲ್ಪ ಮುಂಚೆ ನಿಂತಿತು. ನಲವತ್ತು ನಿಮಿಷ. ನನ್ನ ಎದುರಿನವರು ಗಡಿಯಾರ ನೋಡಿ ಗೊಣಗಿದರು, ನಾನೂ ಗೊಣಗಿದೆ. ಯಾರೋ ಮುದುಕ ಹಳಿಯ ಮೇಲೆ ಬಿದ್ದಿದ್ದಾನಂತೆ, ಗೇಟಿನವನು ಕೆಂಪು ಬಾವುಟ ಹಿಡಿದು ಗಾಡಿ ನಿಲ್ಲಿಸಿದನಂತೆ ಎಂದು ಒಬ್ಬ ಹೇಳಿದ. ಇಂಥವರನ್ನು ಮನೆಯವರು ಹೇಗೆ ಹೊರಗೆ ಬಿಡುತ್ತಾರೋ ಎಂದೆ ನಾನು. ಈ ಬಾಯಿಂದಲೇ ಅಂದೆ ಅಕ್ಕ. ಭಾವ ಕಾಯುತ್ತಿರುತ್ತಾರೆ, ಕಾಲು ನೋಯುತ್ತಿರುತ್ತದೆ ಎಂದು ಬೇಸರವೂ ಪಟ್ಟೆ.

ಆಸ್ಪತ್ರೆಯವರು ಕೊಟ್ಟ ಚೀಲದಲ್ಲಿದ್ದ ಶೂ, ಬೀರುವಿನ ಕೆಳಗಿದ್ದ ಮೊದಲ ಜೊತೆ, ಎರಡನ್ನೂ ನಾನು ತಂದಿದ್ದೇನೆ. ನಿನ್ನನ್ನು ಕೇಳದೆ ತಂದೆ. ನಿನ್ನೆ ಬೆಂಚಿನ ಮೇಲಿಟ್ಟು ನೋಡಿದೆ. ಅಟ್ಟೆ ಓದುವುದು ನನ್ನ ಕಸುಬು.

ಮೊದಲ ಜೊತೆಯಲ್ಲಿ ಮುಂತುದಿ ಹರಿದು ಒಳಗಿನ ದಾರ ಕಾಣುತ್ತಿದೆ. ಹಿಮ್ಮಡಿ ಹೊಸದರಂತೆಯೇ ಇದೆ. ನೆಲಕ್ಕೆ ತುದಿ ಸಿಕ್ಕಿಸಿಕೊಂಡು ಮತ್ತೆ ಮತ್ತೆ ಬಿದ್ದವರ ಶೂ ಅದು. ಅವರು ಬೆರಳು ಊರಿದ್ದು ಭಯಕ್ಕಲ್ಲ, ಮೈ ಮುಂದಕ್ಕೆ ಬಾಗಿದ್ದರಿಂದ. ಜನವರಿಯ ಗುರುತಿನಲ್ಲೇ ಅದು ಬರೆದಿತ್ತು. ನಾನು ಓದಿದ್ದು ಬೇರೆ.

ಎರಡನೆಯ ಜೊತೆ ದಿನವೂ ಹಾಕಿಕೊಳ್ಳುತ್ತಾರೆ ಎಂದು ನೀನು ಬರೆದಿದ್ದೆ. ಅದರ ಅಟ್ಟೆಯ ತುಂಬ ಗೀರುಗಳಿವೆ, ಹಿಮ್ಮಡಿ, ನಡು, ಮುಂಗಾಲು ಎಲ್ಲ ಒಂದೇ ಸಮ. ನಡುವಿನ ಕಮಾನು ನೆಲ ಮುಟ್ಟುವುದೇ ಇಲ್ಲ ಅಕ್ಕ. ಅಲ್ಲಿ ಗೀರು ಹೇಗೆ ಬಂತು? ಕಲ್ಲಿನಿಂದ ಉಜ್ಜಿದ್ದಾರೆ. ಗೀರುಗಳು ವಾಲಿರುವ ದಿಕ್ಕು ನೋಡಿದರೆ ಉಜ್ಜಿದ್ದು ಎಡಗೈ. ನಮ್ಮ ಮನೆಯಲ್ಲಿ ಎಡಗೈಯವಳು ನೀನೊಬ್ಬಳೇ. ಅದರ ಮೇಲೆ ನಿಜವಾದ ಗುರುತು ಒಂದೇ ಒಂದಿದೆ, ಎಡಗಾಲಿನ ತುದಿಯಲ್ಲಿ. ತೊಲೆಯ ಮರದ ಸಿಬಿರು ಕಚ್ಚಿನೊಳಗೆ ಇನ್ನೂ ಸಿಕ್ಕಿಕೊಂಡಿದೆ.

ನಿನಗೆ ಗೊತ್ತಿತ್ತು. ಯಾವಾಗಿನಿಂದ ಗೊತ್ತಿತ್ತು?

ತಮ್ಮ


ಜೂನ್ 19

ತಮ್ಮನಿಗೆ,

ಏಪ್ರಿಲ್ ಎಂಟರಿಂದ. ಅವತ್ತು ಬರೆದ ಕಾಗದವನ್ನು ಈಗ ಇದರೊಂದಿಗೆ ಇಟ್ಟಿದ್ದೇನೆ. ಓದು.

ಉಜ್ಜಿದ್ದು ನಾನೇ. ಹೊಸ ಜೊತೆ ಬಂದ ದಿನವೇ ಬೀರುವಿನ ಮೇಲಿಟ್ಟಿದ್ದೆ. ಹಳೆಯ ಚರ್ಮದ ಶೂನಲ್ಲಿ ಅವರು ಚೆನ್ನಾಗಿಯೇ ನಡೆಯುತ್ತಿದ್ದರು, ಒಮ್ಮೆಯೂ ಬೀಳಲಿಲ್ಲ. ಎಡಗಾಲಿನ ಮುಳ್ಳು ಮತ್ತೆ ಮೂರಕ್ಕೆ ಬಂದಿತ್ತು. ನೀನು ಬರುವ ದಿನ ಬೆಳಿಗ್ಗೆ ಹೊಸದನ್ನು ಕೆಳಗಿಳಿಸಿ, ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಿದೆ, ಹಾಕಿದ ಹಾಗೆ ಕಾಣಲೆಂದು. ನೀನು ಬಂದಾಗ ಕೂತಲ್ಲೇ ತೊಡಿಸಿ, ನೀನು ಹೋದ ಮೇಲೆ ಬಿಚ್ಚಿಡೋಣ ಅಂದುಕೊಂಡಿದ್ದೆ. ಹೊರಬಾಗಿಲ ಪಕ್ಕ ಇಟ್ಟು, ಮಧ್ಯಾಹ್ನ ಮೂರರ ಹೊತ್ತಿಗೆ ನಿನಗೆಂದು ಹಾಸಿಗೆಯ ಹೊದಿಕೆ ತರಲು ಪಕ್ಕದ ಬೀದಿಗೆ ಹೋದೆ. ಅರ್ಧ ಗಂಟೆಯೂ ಆಗಿರಲಿಲ್ಲ. ಚಿಲಕ ಹಿಂಬಾಗಿಲಿಗೆ ಇತ್ತು, ಮುಂಬಾಗಿಲಿಗೆ ಹಾಕಲಿಲ್ಲ. ಟೇಪು ಮುಂಬಾಗಿಲ ತನಕ ಇತ್ತಲ್ಲ.

ಅಂಗಿಯ ಗುಂಡಿ ಹಾಕಲಾಗದ ಕೈಯಿಂದ ಶೂ ದಾರ ಕಟ್ಟಿಕೊಂಡಿದ್ದಾರೆ. ಎರಡು ಗಂಟು. ನೀನೂ ನೋಡಿದೆಯಲ್ಲ. ಮನೆ ಸುತ್ತಿ ಹಳಿಗೆ ಹೋಗಿ ಗೇಟಿನ ತನಕ ನಡೆದಿದ್ದಾರೆ. ಗೇಟಿನವನು ದೂರದಿಂದ ನೋಡಿ ಕೈ ಬೀಸಿದನಂತೆ. “ನಮ್ಮ ಮೊಳೆ ಬರ್ತಾನೆ,” ಎಂದು ಇವರು ಕೂಗಿ ಹೇಳಿದರಂತೆ. ದನಿ ಎತ್ತಲಾರದವರು ಕೂಗಿದರಂತೆ. ಮುಂದಿನ ತೊಲೆಯಲ್ಲಿ ಕಾಲು ಸಿಕ್ಕಿತು. ಅವನು ಓಡುವಷ್ಟರಲ್ಲಿ ಹಣೆ ಕಬ್ಬಿಣಕ್ಕೆ ಬಡಿದಿತ್ತು.

ನಿಲ್ದಾಣಕ್ಕೆ ಬರಲಿ ಎಂಬ ಆ ಒಂದು ಸಾಲು ಬಿಟ್ಟು ಓದಬಹುದಿತ್ತು. ಅವರ ಮುಖದಲ್ಲಿ ನಗು ಬರಲಿ ಎಂದು ಓದಿದೆ. ಬಂತು. ಅಷ್ಟೇ ನನ್ನ ಬಳಿ ಉಳಿದಿರುವುದು.

ಅಕ್ಕ


ಜುಲೈ 11

ಅಕ್ಕನಿಗೆ,

ನಿನ್ನ ಏಪ್ರಿಲ್ ಕಾಗದ ಓದಿದೆ. ಇಪ್ಪತ್ತು ದಿನ ಉತ್ತರ ಬರೆಯಲಾಗಲಿಲ್ಲ. ಸಿಟ್ಟು ನಿನ್ನ ಮೇಲಿತ್ತು, ಆಮೇಲೆ ನನ್ನ ಮೇಲೆ ಬಂತು, ಆಮೇಲೆ ಯಾರ ಮೇಲೂ ಉಳಿಯಲಿಲ್ಲ.

ಗೋಡೆಯ ಮೇಲಿದ್ದ ಮಾದರಿಯನ್ನು ಇಳಿಸಿದೆ. ಮೊನ್ನೆ ಒಬ್ಬ ಮಗಳು ತಾಯಿಯ ಪಾದದ ಗುರುತು ತಂದು, ಅಮ್ಮನಿಗೂ ಇದೇ ಕಾಯಿಲೆ, ಜಾರದ ಶೂ ಬೇಕು ಅಂದಳು. ಗುರುತು ಬೇಡ, ಅಮ್ಮನನ್ನೇ ಕರೆದುಕೊಂಡು ಬಾ, ನನ್ನ ಮುಂದೆ ನಡೆಯಲಿ ಅಂದೆ. ಬಂದರು. ಜಾರುತ್ತಿರಲಿಲ್ಲ, ಅಂಟಿಕೊಳ್ಳುತ್ತಿದ್ದರು. ತೆಳು ಚರ್ಮದ ಅಟ್ಟೆ ಹಾಕಿ, ಬೆರಳು ಆಡುವಷ್ಟು ಜಾಗ ಬಿಟ್ಟು ಹೊಲಿದುಕೊಟ್ಟೆ. ಭಾವನನ್ನೂ ಹಾಗೆ ಒಂದು ಸಲ ಬಂದು ನೋಡಿದ್ದರೆ ಸಾಕಿತ್ತು. ಕಾಗದ ನೋಡಿ ಕಾಲು ಬಲ್ಲೆ ಅಂದುಕೊಂಡೆ.

ಒಂದು ಮಾತು ನಡೆಸಿಕೊಡು. ಇನ್ನು ಮೇಲೆ ನನಗೆ ‘ಚೆನ್ನಾಗಿದ್ದೇವೆ’ ಎಂದು ಮೊದಲ ಸಾಲು ಬರೆಯಬೇಡ. ಜನವರಿಯಿಂದ ಮೇ ತನಕ ನೀನು ಕಳಿಸಿದ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ಆ ಸಾಲು ಎಲ್ಲದರಲ್ಲೂ ಇದೆ. ಹೇಗಿದ್ದೀಯೋ ಹಾಗೆ ಬರೆ.

ಮೊಳೆ


ಆಗಸ್ಟ್ 2

ತಮ್ಮನಿಗೆ,

ನಾನು ಚೆನ್ನಾಗಿದ್ದೇನೆ.

ಟೇಪು ಇನ್ನೂ ಕಿತ್ತಿಲ್ಲ. ಟೀಚರಮ್ಮ ಬಂದಿದ್ದಳು, ನಾನೇ ಕೀಳಲಾ ಅಮ್ಮ ಅಂದಳು. ಇರಲಿ ಅಂದೆ. ಈಗ ನಾನೂ ಗೆರೆ ದಾಟಿ ದಾಟಿ ನಡೆಯುತ್ತೇನೆ, ಅಭ್ಯಾಸವಾಗಿದೆ. ಅಡುಗೆಮನೆಯಿಂದ ಬಾಗಿಲ ತನಕ ಹದಿನೈದು ಗೆರೆ. ಬಾಗಿಲಿನಲ್ಲಿ ಗೆರೆ ಮುಗಿಯುತ್ತದೆ, ಮುಂದೆ ಎಲ್ಲಿಗೆ ಎಂದು ತೋಚುವುದಿಲ್ಲ.

ಸಂಜೆ ಹೊತ್ತು ಹಿಂದಿನ ಹಳಿಯ ಮೇಲೆ ಸ್ವಲ್ಪ ನಡೆಯುತ್ತೇನೆ. ತೊಲೆಗಳ ಅಂತರ ಅವರ ಹೆಜ್ಜೆಯ ಅಳತೆಗೆ ಸರಿಯಾಗಿದೆ. ನನಗೆ ತುಸು ದೂರ, ಆದರೂ ಕಲಿಯುತ್ತಿದ್ದೇನೆ. ಗೇಟಿನ ತನಕ ಹೋಗಿ ನಿಂತಿರುತ್ತೇನೆ, ನಾಲ್ಕೂ ಹತ್ತರ ಗಾಡಿ ಬರುವವರೆಗೆ. ಗೇಟಿನವನು ಬೈಯುತ್ತಾನೆ. ನಿನ್ನೆ ಕೈಹಿಡಿದು ವಾಪಸು ತಿರುಗಿಸಿದ, ಇವರನ್ನು ತಿರುಗಿಸುತ್ತಿದ್ದ ಹಾಗೆಯೇ.

ಹೆದರುವಂಥದ್ದೇನೂ ಇಲ್ಲ. ನೀನು ಬರುವ ತೊಂದರೆ ತೆಗೆದುಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು.

ಅಕ್ಕ


ಆಗಸ್ಟ್ 6

ಅಕ್ಕ,

ಕಾಗದ ಇವತ್ತು ಮಧ್ಯಾಹ್ನ ಬಂತು. ಬೆಂಚಿನಿಂದ ಎದ್ದೆ, ಹೊಲಿಗೆ ಅರ್ಧಕ್ಕೇ ಇದೆ. ಇದನ್ನು ತುರ್ತು ಅಂಚೆಯಲ್ಲಿ ಹಾಕಿ ಎಂಟನೇ ತಾರೀಖಿನ ಹಗಲು ಗಾಡಿ ಹತ್ತುತ್ತೇನೆ. ಗೇಟಿನವನಿಗೆ ಫೋನ್ ಮಾಡಿಸಿದ್ದೇನೆ. ಅವನ ಹೆಂಡತಿ ನಾನು ಬರುವ ತನಕ ನಿನ್ನ ಜೊತೆ ಇರುತ್ತಾಳೆ. ಬೇಡ ಅನ್ನಬೇಡ.

ನನ್ನ ಒಂದು ಮಾತು ಮಾತ್ರ ಕೇಳು. ನಿಲ್ದಾಣಕ್ಕೆ ಬರಬೇಡ. ಗೇಟಿನ ತನಕವೂ ಬರಬೇಡ. ಗಾಡಿ ತಡವಾದರೂ ಬರಬೇಡ, ನಡುವೆ ಎಲ್ಲೋ ನಿಂತಿದೆಯೆಂದು ಯಾರಾದರೂ ಹೇಳಿದರೂ ಬರಬೇಡ. ಬಾಗಿಲಲ್ಲಿ ಕೊನೆಯ ಗೆರೆ ಇದೆಯಲ್ಲ, ಅದರ ಮೇಲೆ ಒಂದು ಕುರ್ಚಿ ಹಾಕಿಕೊಂಡು ಕೂತಿರು.

ನಾನೇ ನಡೆದು ಬರುತ್ತೇನೆ.

ಮೊಳೆ